ರಾಹುಕಾಲಕ್ಕೆ ನಿಂತ ಗಾಡಿಯ ದಂಡ

ಜೋಡುನಗರ,
ಅಳತೆಶಕೆ ೧೬೮, ಅಧಿಕ ತಿಂಗಳ ಮೂವತ್ತನಾಲ್ಕನೆಯ ದಿನ

ತೀರ್ಥರೂಪ ಪ್ರಭುಲಿಂಗ ಅಜ್ಜನವರ ಸನ್ನಿಧಿಗೆ,

ನಿಮ್ಮ ಮೊಮ್ಮಗನ ಮರಿಮೊಮ್ಮಗಳಾದ ಮುಕ್ತಾಯಿ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ, ಯಾರೋ ವಿದ್ಯಾರ್ಥಿಗಳ ಕುಚೇಷ್ಟೆಯೆಂದು ಇದನ್ನು ಹರಿದು ಹಾಕಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ಶಕೆಯಿಲ್ಲ, ಅಂಥ ತಿಂಗಳಿಲ್ಲ, ಯಾವ ತಿಂಗಳಿಗೂ ಅಷ್ಟು ದಿನಗಳಿಲ್ಲ ಎಂಬುದು ನನಗೆ ಗೊತ್ತಿದೆ. ನಮ್ಮಲ್ಲಿ ಲೆಕ್ಕಕ್ಕೆ ಸಿಗದೆ ಉಳಿದ ದಿನಗಳನ್ನೆಲ್ಲ ವರ್ಷದ ಕೊನೆಗೆ ಒಂದೇ ತಿಂಗಳಿಗೆ ತುಂಬಿಬಿಡುತ್ತಾರೆ. ನಿಮ್ಮನ್ನು ಅಜ್ಜ ಎಂದು ಕರೆದದ್ದಕ್ಕೂ ಕ್ಷಮೆ ಇರಲಿ. ಈ ಓಲೆ ತಲುಪುವ ಹೊತ್ತಿಗೆ ನಿಮ್ಮ ತಲೆಗೂದಲು ಕಪ್ಪಾಗಿಯೇ ಇರುತ್ತದೆ, ನಿಮ್ಮ ಮಗಳು ಇನ್ನೂ ಹೈಸ್ಕೂಲಿನ ಮೆಟ್ಟಿಲು ಹತ್ತಿರುವುದಿಲ್ಲ.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಾಣಬಹುದು. ಅದನ್ನು ನಾನು ನಿಮ್ಮ ಕಾಲದ ಪಠ್ಯಪುಸ್ತಕಗಳಿಂದ, ಲಗ್ನಪತ್ರಿಕೆಗಳಿಂದ, ದಿನಪತ್ರಿಕೆಯ ಶ್ರದ್ಧಾಂಜಲಿಗಳಿಂದ ಕಲಿತೆ. ಹಾಗಾಗಿ ಒಂದು ಸಾಲು ಮದುವೆಗೆ ಕರೆದಂತೆಯೂ ಮುಂದಿನ ಸಾಲು ಸಾವಿನ ಸುದ್ದಿ ಕೊಟ್ಟಂತೆಯೂ ಕೇಳಿಸಿದರೆ ಅದು ನನ್ನ ಗುರುಗಳ ದೋಷ. ನಡುನಡುವೆ ನಮ್ಮ ಕಾಲದ ಮಾತುಗಳು ಬರುತ್ತವೆ. ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ.

ಈ ಬಗೆಯ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ, ಹಿಂದಿನವರಿಗೆ ಹೋಗುವ ಓಲೆ. ಒಬ್ಬರಿಗೆ ಜನ್ಮದಲ್ಲಿ ಒಂದು ಮಾತ್ರ ಸಿಗುತ್ತದೆ. ಬಹಳ ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೆಲವರು ಕೈತಪ್ಪಿಹೋದ ಹುಡುಗಿಗೆ. ಪಾರ್ಕಿಂಗ್ ದಂಡದ ಸಲುವಾಗಿ ಬರೆದವಳು ನಾನೊಬ್ಬಳೇ ಇರಬೇಕು. ಇಂಥ ಓಲೆಗಳನ್ನು ತೆಗೆದುಕೊಳ್ಳುವ ಓಲೆಕಟ್ಟೆಯಲ್ಲಿ ಕುಳಿತ ಹುಡುಗಿ ವಿಷಯ ಓದಿ, “ಅವ್ವಾರ, ಖರೇನ ಇದಕ್ಕ ಬರೀತೀರೇನ್ರಿ? ಮತ್ತೊಂದ್ ಕೊಡಾಕ ಬರೂದಿಲ್ಲ ನೋಡ್ರಿ,” ಎಂದಳು. ಖರೇನ ಇದಕ್ಕೇ ಎಂದೆ. ಓಲೆ ತಲುಪುತ್ತದೆಂಬ ಭರವಸೆಯಿಲ್ಲ. ತಲುಪಿ ಕೆಲಸವಾದರೂ ಬರೆದವರಿಗೆ ಅದು ತಿಳಿಯುವುದಿಲ್ಲ. ಯಾಕೆ ಎಂಬುದನ್ನು ಕಡೆಗೆ ಹೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಜಿನ ಮೇಲೆ ಒಂದು ನೋಟಿಸ್ ಇದೆ. ಹುಬ್ಬಳ್ಳಿಯ ಆ ಸ್ಕ್ಯಾನಿಂಗ್ ಸೆಂಟರ್ ಇರುವ ಕಟ್ಟಡದ ನೆಲಮಾಳಿಗೆಯಲ್ಲಿ ನಿಮ್ಮ ಗಾಡಿ ಗೊತ್ತುಪಡಿಸಿದ ಹೊತ್ತಿಗಿಂತ ಹೆಚ್ಚು ನಿಂತಿತು, ಆದ್ದರಿಂದ ಇಂತಿಷ್ಟು ದಂಡ ಕಟ್ಟಬೇಕು ಎಂದು ಪಾರ್ಕಿಂಗ್ ನಡೆಸುವ ಖಾಸಗಿ ಕಂಪನಿ ಕಳಿಸಿದ ನೋಟಿಸ್. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಅದರ ವಾರಸುದಾರರು ಹೆಸರು ಬರೆದದ್ದಕ್ಕೂ ನನ್ನಿಂದ ಹಣ ವಸೂಲು ಮಾಡುವರು. ನೀವು ಆ ನೋಟಿಸನ್ನು ಹೆಂಡತಿಗೂ ತೋರಿಸದೆ, ಯಾರಿಗೂ ಗೊತ್ತಾಗದ ಹಾಗೆ ಈ ವಾರದೊಳಗೆ ಕಟ್ಟಿಬಿಡಬೇಕೆಂದು ಇದ್ದೀರಿ. ಕಟ್ಟಬೇಡಿ. ಇಷ್ಟೇ ನನ್ನ ಬಿನ್ನಹ. ಉಳಿದದ್ದೆಲ್ಲ ಈ ಬಿನ್ನಹಕ್ಕೆ ಕಾರಣ.

ಕಾರಣ ತಿಳಿಯಬೇಕಾದರೆ ನಮ್ಮ ಊರು ಹೇಗಿದೆ ಎಂದು ತಿಳಿಯಬೇಕು. ಹುಬ್ಬಳ್ಳಿ ಧಾರವಾಡಗಳ ನಡುವೆ ಈಗ ಬಯಲಿಲ್ಲ. ಎರಡೂ ಬೆಸೆದು ಜೋಡುನಗರವಾಗಿ ತಲೆಮಾರುಗಳೇ ಕಳೆದವು. ಮೋಟಾರು ಗಾಡಿಗಳು ಹೋದವು. ರಸ್ತೆಯೇ ಚಲಿಸುತ್ತದೆ, ಅದಕ್ಕೆ ಸಾಗುಹಾಸು ಎಂದು ಹೆಸರು. ಗಾಡಿಗಳು ಹೋದ ಮೇಲೆ ಪಾರ್ಕಿಂಗ್ ಕಂಪನಿಗಳೂ ಹೋಗುತ್ತವೆಂದು ಜನ ತಿಳಿದಿದ್ದರು. ಅವು ಹೋಗಲಿಲ್ಲ. ಅವುಗಳ ಕೈಯಲ್ಲಿ ಅಂಗಳಗಳಿದ್ದವು, ಕ್ಯಾಮೆರಾಗಳಿದ್ದವು, ಹೆಚ್ಚು ಹೊತ್ತು ನಿಂತದ್ದು ನನ್ನದೇ ತಪ್ಪು ಎಂದು ಜನ ತಾವಾಗಿಯೇ ಒಪ್ಪಿಕೊಂಡ ರಾಶಿ ರಾಶಿ ರಸೀದಿಗಳಿದ್ದವು. ಗಾಲಿಗೆ ಹಾಕಿದ ಲೆಕ್ಕವನ್ನು ಕಾಲಿಗೆ ಹಾಕಿದರು. ಈಗ ಮನುಷ್ಯರು ನಿಲ್ಲುವುದಕ್ಕೆ ನಿಲುಸುಂಕವಿದೆ. ಪ್ರತಿಯೊಬ್ಬರ ಕಾಲಿನಲ್ಲೂ ಒಂದು ಕಡಗ. ಯಾರದೋ ಅಂಗಳದಲ್ಲಿ ನಿಂತರೆ ಅದು ಮೊದಲು ಇರುವೆ ಹರಿದಂತೆ ಜುಮುಗುಡುತ್ತದೆ, ಆಮೇಲೆ ಕಾಯುತ್ತದೆ. ಯಾರದೂ ಅಲ್ಲದ ಅಂಗಳವೆಂಬುದು ಊರಿನಲ್ಲಿ ಉಳಿದಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ನಡೆಯುತ್ತಲೇ ಆಗುತ್ತದೆ. ಸತ್ತವರ ಮನೆಗೆ ಹೋದವರು ಬಾಗಿಲ ಮುಂದೆ ಸುತ್ತು ಹಾಕುತ್ತ ಅಳುತ್ತಾರೆ. ಬೀಗರು ಬಂದರೆ ಹೊಸ್ತಿಲಲ್ಲಿ ನಿಲ್ಲಿಸಿ ಕಾಲಿಗೆ ನೀರು ಕೊಡುವ ಪದ್ಧತಿ ಹೋಯಿತು, ಬರುತ್ತಿದ್ದಂತೆಯೇ ಚಿಮುಕಿಸಿಬಿಡುತ್ತೇವೆ. ರೊಟ್ಟಿ ಇನ್ನೂ ಇದೆ, ಒಂದೆಡೆ ಇದ್ದು ಬಡಿಯುವವರಿಲ್ಲ, ಆ ಸದ್ದೂ ಇಲ್ಲ. ಮರದ ನೆರಳಿಗೂ ಒಡೆಯರಿದ್ದಾರೆ. ಸೂರ್ಯ ಸರಿದ ಹಾಗೆ ಒಡೆಯರೂ ಬದಲಾಗುತ್ತಾರೆ. ನೀವೆಲ್ಲ ಹೋಗಿಬರ್ತೀವಿ ಎಂದು ಹೇಳಿದ ಮೇಲೂ ಬಾಗಿಲಲ್ಲಿ ಸ್ವಲ್ಪ ಹೊತ್ತು, ಗೇಟಿನಲ್ಲಿ ಸ್ವಲ್ಪ ಹೊತ್ತು, ಕಡೆಗೆ ಗಾಡಿಯ ಕಿಟಕಿ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದಿರಿ ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಹೊತ್ತು ನಿಲ್ಲಬಲ್ಲ ಶ್ರೀಮಂತರು ನಮ್ಮ ಕಾಲದಲ್ಲಿ ಯಾರೂ ಇಲ್ಲ.

ಇನ್ನೊಂದು ಸಂಗತಿಯಿದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ಕಾಲದ ಕ್ಯಾಮೆರಾಗಳು ಕಂಡದ್ದು, ಕೇಳಿದ್ದು ಯಾವುದೂ ಅಳಿದಿಲ್ಲ. ಒಂದು ಕಂಪನಿ ಮುಳುಗುವಾಗ ಇನ್ನೊಂದಕ್ಕೆ ಮಾರಿತು, ಅದು ಮತ್ತೊಂದಕ್ಕೆ. ಈಗ ಅವುಗಳನ್ನು ತೋರಿಸುವ ಅಂಗಡಿಗಳಿವೆ, ನೋಟದಂಗಡಿ ಎನ್ನುತ್ತಾರೆ. ಸಂಜೆ ಹೊತ್ತು ಜನ ದುಡ್ಡು ಕೊಟ್ಟು ಒಳಗೆ ಹೋಗಿ, ಹಳಬರು ಲಿಫ್ಟಿನಲ್ಲಿ ಮೂಗು ಒರೆಸಿಕೊಳ್ಳುವುದನ್ನು, ಮದುವೆ ಮಂಟಪದ ಹಿಂದೆ ಜಗಳಾಡುವುದನ್ನು, ಆಸ್ಪತ್ರೆಯ ಅಂಗಳದಲ್ಲಿ ನೆಲಕ್ಕೆ ಕುಸಿಯುವುದನ್ನು ನೋಡಿ ನಕ್ಕು ಬರುತ್ತಾರೆ. ಸತ್ತವರ ಬಟ್ಟೆ ತೊಟ್ಟುಕೊಳ್ಳಲು ಹಿಂಜರಿಯುವ ಊರು ಇದು. ಸತ್ತವರ ಕಣ್ಣೀರು ನೋಡಲು ಹಿಂಜರಿಯುವುದಿಲ್ಲ.

ಆ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವ ನೋಟಕ್ಕೆ “ರಾಹುಮುದುಕಿ” ಎಂದು ಹೆಸರು. ನೋಡದವರೇ ಇಲ್ಲ. ಎಬ್ಬಿಸಿದರೆ ಏಳದ ಹುಡುಗರು ಹೊದಿಕೆಯೊಳಗಿನಿಂದ “ರಾಹುಕಾಲ ಐತಪಾ, ಮುಗೀಲಿ” ಎನ್ನುತ್ತಾರೆ. ನನ್ನ ತಮ್ಮನ ಮಗಳ ಮದುವೆಯಲ್ಲಿ ಗಂಡಿನ ಕಡೆಯವನೊಬ್ಬ ಟವೆಲನ್ನು ಸೆರಗಿನಂತೆ ಹೊದ್ದು, ಬಾಯಿಗೆ ಅದರ ಚುಂಗು ತುರುಕಿಕೊಂಡು ಆ ಮುದುಕಿಯಂತೆ ಬಿಕ್ಕಿದ. ಊಟದ ಪಂಕ್ತಿಯೆಲ್ಲ ಎಲೆಯ ಮೇಲೆ ಉರುಳಿ ನಕ್ಕಿತು. ಅಜ್ಜಾರೆ, ಆ ಮುದುಕಿ ನಿಮ್ಮ ದೊಡ್ಡವ್ವ ಗುರುಸಿದ್ದವ್ವ. ನಿಮ್ಮ ತಾಯಿಯ ಅಕ್ಕ, ತಾಯಿಯಿಲ್ಲದ ನಿಮ್ಮನ್ನು ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದವರು. ನನಗೂ ಅದು ಗೊತ್ತಿರಲಿಲ್ಲ. ಕಳೆದ ವರ್ಷ ನನಗೇ ಒಂದು ದಂಡ ಬಿದ್ದಾಗ ಗೊತ್ತಾಯಿತು.

ನಾನು ನಿಂತದ್ದು ಒಂದು ಕಲ್ಲಿನ ಮುಂದೆ. ಹಳೆಯ ಕೆರೆಯ ದಂಡೆಯಲ್ಲಿದ್ದ ಶಾಸನವೊಂದನ್ನು ಕಿತ್ತು ತಂದು ಒಂದು ಕಂಪನಿಯ ಅಂಗಳದ ಗೋಡೆಗೆ ಅಲಂಕಾರಕ್ಕೆಂದು ಹಚ್ಚಿದ್ದಾರೆ. ಹಳಗನ್ನಡದ ರುಚಿ ಇದ್ದವಳಾದ್ದರಿಂದ ಅಕ್ಷರ ಕೂಡಿಸುತ್ತ ನಿಂತೆ. ದಾರಿಹೋಕರು ನೀರು ಕುಡಿದು ದಣಿವಾರಿಸಿಕೊಳ್ಳಲಿ ಎಂದು ಗಾವುಂಡನೊಬ್ಬನ ಹೆಂಡತಿ ಅರವಟಿಗೆ ಕಟ್ಟಿಸಿ, ಅದರ ಸುತ್ತಲಿನ ನೆಲವನ್ನು ನಿಲ್ಲುವವರಿಗಾಗಿಯೇ ಬಿಟ್ಟುಕೊಟ್ಟ ಶಾಸನ ಅದು. ಕೊನೆಯಲ್ಲಿ ಎಲ್ಲ ಶಾಸನಗಳ ಹಾಗೆ, ಈ ಧರ್ಮವನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಆ ಸಾಲಿಗೆ ಬರುವಷ್ಟರಲ್ಲಿ ಕಡಗ ಕಾದು ನನ್ನ ಕಾಲು ಚುರುಗುಟ್ಟಿತು. ಮರುದಿನ ದಂಡದ ನೋಟಿಸ್ ಬಂತು.

ನಾನು ಕಟ್ಟಲಿಲ್ಲ, ತಕರಾರುಕಟ್ಟೆಗೆ ಹೋದೆ. ಇಂಥ ದಂಡಗಳ ತಕರಾರು ಕೇಳುವ ಜಾಗ ಅದು. ಅಲ್ಲಿ ತೀರ್ಪು ಕೊಡುವವರನ್ನು ಯಜಮಾನರು ಎನ್ನುತ್ತಾರೆ. ಕಂಪನಿಯ ವಕೀಲ ನನ್ನ ಜೊತೆ ಹೆಜ್ಜೆ ಹಾಕುತ್ತ ಕೇಳಿದ, “ಅವ್ವಾರ, ಅಲ್ಲಿ ಯಾಕ ನಿಂತಿದ್ರಿ?” ಓದಲಿಕ್ಕೆ ಎಂದೆ. “ಓದಿ ಏನ್ ಮಾಡಾವ್ರಿದ್ರಿ?” ಏನೂ ಇಲ್ಲ, ಸುಮ್ಮನೆ ಎಂದೆ. ಅವನು ಯಜಮಾನರ ಕಡೆ ತಿರುಗಿ, “ಸುಮ್ನ ಅನ್ನೋ ಕಾರಣ ನಮ್ಮ ಪಟ್ಟಿಯೊಳಗ ಎಲ್ಲಿ ಐತ್ರಿ ಯಜಮಾನ್ರ? ಹಿಂಗ ಎಲ್ಲಾರೂ ಸುಮ್ನ ನಿಂತ್ರ ಊರು ನಡಿಯೂದು ಹೆಂಗ?” ಎಂದ. ಆಮೇಲೆ ನನ್ನ ಬೆನ್ನುಗುರುತು ತೆಗೆದ. ಬೆನ್ನುಗುರುತು ಎಂದರೆ ಒಬ್ಬರ ಹಿಂದಿನ ಪೀಳಿಗೆಗಳ ಬಗ್ಗೆ ಕಂಪನಿಗಳು ಕೂಡಿಟ್ಟ ಎಲ್ಲವೂ. “ಇದು ಇವರ ಮನಿತನದ ಚಾಳಿ ಐತ್ರಿ. ನೋಡ್ರಿ ಬೇಕಾದ್ರ,” ಎಂದು ಗೋಡೆಯ ಮೇಲೆ ಒಂದು ನೋಟ ಹಚ್ಚಿದ. ಗಾಡಿಯ ನಂಬರು, ನಿಮ್ಮ ಹೆಸರು, ಊರು ಮೂಡಿದವು. ಆಮೇಲೆ ನಿಮ್ಮ ದೊಡ್ಡವ್ವನ ಮುಖ. ಅವರು ಬಾಯಿ ತೆರೆಯುವ ಮೊದಲೇ ಅಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ ಆ ಮಾತನ್ನು ಹೇಳಿ ನಕ್ಕರು. ಯಜಮಾನರ ತುಟಿಯೂ ಆಡಿತು. ನಾನು ತಲೆ ತಗ್ಗಿಸಿದೆ. ನನ್ನ ಮನೆತನ ಬಯಲಾಯಿತೆಂದು ನಾಚಿದೆನೋ, ನನ್ನ ಊರು ಹೀಗಾಯಿತೆಂದು ನಾಚಿದೆನೋ ಆ ಕ್ಷಣದಲ್ಲಿ ತಿಳಿಯಲಿಲ್ಲ. ಈಗ ತಿಳಿದಿದೆ.

ದೊಡ್ಡವ್ವನನ್ನು ಸ್ಕ್ಯಾನಿಂಗಿಗೆ ಕರೆದೊಯ್ದ ಅವತ್ತು ಏನಾಯಿತೆಂದು ನಿಮಗೆ ಗೊತ್ತೇ ಇದೆ. ಆದರೂ ಗೋಡೆಯ ಮೇಲೆ ನಮಗೆ ಕಂಡದ್ದನ್ನು ಹೇಳುತ್ತೇನೆ, ಎಷ್ಟು ಕಾಣುತ್ತದೆ ಎಂಬುದು ನಿಮಗೆ ತಿಳಿಯಲಿ. ಗಾಡಿಯ ಕಿಟಕಿ ತೆರೆದಿದೆ. ನೀವು ಕೀಲಿಕೈ ತಿರುಗಿಸಲು ಹೋಗುತ್ತೀರಿ, ದೊಡ್ಡವ್ವ ನಿಮ್ಮ ಮುಂಗೈ ಹಿಡಿಯುತ್ತಾರೆ. “ಗಾಡಿ ತಗೀಬ್ಯಾಡ. ರಾಹುಕಾಲ ಐತಪಾ, ಮುಗೀಲಿ.” ನೀವು ಸುತ್ತ ನೋಡಿ ದನಿ ತಗ್ಗಿಸುತ್ತೀರಿ. “ದೊಡ್ಡವ್ವಾ, ಫಿಸಿಕ್ಸ್ ಮಾಸ್ತರ ರಾಹುಕಾಲಕ್ಕ ಹೆದರಿ ಗಾಡಿ ನಿಲ್ಸ್ಯಾನ ಅಂದ್ರ ನಾ ಮಾರಿ ಎಲ್ಲಿಡ್ಲಿ?” ಅವರು, “ಮಾರಿ ಇದ್ದಲ್ಲೇ ಇರತೈತಿ ಬಿಡು, ಎಲ್ಲಿ ಓಡಿ ಹೋಗತೈತಿ,” ಎನ್ನುತ್ತಾರೆ. ನೀವು ಸ್ಟಿಯರಿಂಗಿನ ಮೇಲೆ ಬೆರಳಿನಿಂದ ಗೆರೆ ಎಳೆದು, ಚಂದ್ರನ ದಾರಿ ಸೂರ್ಯನ ದಾರಿಯನ್ನು ಎಲ್ಲಿ ದಾಟುತ್ತದೆಂದು ತೋರಿಸುತ್ತೀರಿ. “ರಾಹು ಅನ್ನೂದು ಗ್ರಹಾನ ಅಲ್ಲ. ಬರೇ ಒಂದ್ ಬಿಂದು!” ಅವರು, “ಬಿಂದು ಇದ್ರೂ ದಾಟಿ ಹೋಗಲಿ. ನೀ ಹುಟ್ಟಿದ್ದೂ ರಾಹುಕಾಲದಾಗ. ಅದಕ್ಕ ಇಷ್ಟ್ ವಾದಾ ಮಾಡ್ತಿ,” ಎನ್ನುತ್ತಾರೆ. ನಿಮಗೆ ರೇಗಿಹೋಗುತ್ತದೆ. ಬಾಗಿಲು ತೆಗೆದು ಇಳಿದು, “ಚಾ ತರ್ತೀನಿ. ನಿನ್ನ ರಾಹುಗೂ ಒಂದ್ ಕಪ್ ತರ್ಲೇನು?” ಎನ್ನುತ್ತೀರಿ. “ತಾ. ಅವಂಗ ಸಕ್ರಿ ಕಮ್ಮಿ ಹಾಕಸು,” ಎನ್ನುತ್ತಾರೆ ಅವರು. ನೀವು ಕಣ್ಮರೆಯಾದ ಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಸೆರಗಿನ ಚುಂಗು ಬಾಯಿಗೊತ್ತಿ ಅಳುತ್ತಾರೆ. ನೀವು ಚಹಾ ಹಿಡಿದು ಬರುವಷ್ಟರಲ್ಲಿ ಕನ್ನಡಕ ಮತ್ತೆ ಮುಖದ ಮೇಲಿರುತ್ತದೆ. “ಮುಗೀತಪಾ ರಾಹುಕಾಲ. ನಡಿ ಇನ್ನ.”

ರಾಹುವಿಗೆ ಹೆದರಿ ಅತ್ತ ಮುದುಕಿ ಎಂದು ಊರು ನಗುವುದು ಇದಕ್ಕೆ. ನಾನು ಮನೆಗೆ ಬಂದೆ, ನಿದ್ದೆ ಬರಲಿಲ್ಲ. ನನಗಿರುವ ದುರಭ್ಯಾಸವೆಂದರೆ ಓದುವುದು ಮತ್ತು ಓದಿದ್ದನ್ನು ಮರೆಯದಿರುವುದು. ನೋಟದ ಮೂಲೆಯಲ್ಲಿ ತಾರೀಖು ಮತ್ತು ಹೊತ್ತು ಇದ್ದವು. ಹಳೆಯ ಪಂಚಾಂಗ ತೆಗೆದು ನೋಡಿದೆ. ಅವತ್ತು ಸೋಮವಾರ. ಸೋಮವಾರದ ರಾಹುಕಾಲ ಬೆಳಗಿನ ಉಪ್ಪಿಟ್ಟಿನ ಹೊತ್ತಿಗೇ ಮುಗಿದುಹೋಗುತ್ತದೆ. ನೀವಿಬ್ಬರೂ ಗಾಡಿಯಲ್ಲಿ ಕುಳಿತಿದ್ದು ಮಧ್ಯಾಹ್ನದ ಊಟದ ಮೇಲೆ.

ಅಲ್ಲಿ ರಾಹುಕಾಲ ಇರಲೇ ಇಲ್ಲ, ಅಜ್ಜಾರೆ.

ದಿನದ ರಾಹುಕಾಲ ನಾಲಿಗೆಯ ತುದಿಯಲ್ಲಿದ್ದ ಹೆಂಗಸು ವಾರ ತಪ್ಪಲಾರರು. ಹಾಗಾದರೆ ಆ ಸುಳ್ಳನ್ನು ನಿಮಗೆ ಮಾತ್ರ ಹೇಳಬಹುದಿತ್ತು, ಇನ್ನಾರಿಗೂ ಹೇಳಲಾಗುತ್ತಿರಲಿಲ್ಲ. ಓಣಿಯ ಹಾಲಿನವನಾಗಿದ್ದರೆ “ಏ ಯವ್ವಾ, ಇವತ್ತ ಸೋಮವಾರ, ಅದು ಹೊತ್ತಾರೆನ ಹೋತು” ಎನ್ನುತ್ತಿದ್ದ. ನೀವು ಗ್ರಹಣದ ದಿನ ಕಾಲೇಜಿನ ಮೈದಾನದಲ್ಲಿ ತಿನ್ನಲು ಗಿರಮಿಟ್ಟು ಹಂಚಿ ಭಾಷಣ ಮಾಡಿದ್ದು ಒಂದು ಪತ್ರಿಕೆಯ ಚೂರಿನಲ್ಲಿ ಉಳಿದಿದೆ. ಯಾವ ವಾರಕ್ಕೆ ಯಾವಾಗ ರಾಹುಕಾಲವೆಂಬುದು ನನಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ನನ್ನ ಹೆಮ್ಮೆ ಎಂದಿದ್ದಿರಿ. ಚಪ್ಪಾಳೆ ಬಿತ್ತಂತೆ. ನಿಮ್ಮನ್ನು ಸಾಕಿದವರಿಗೆ ನಿಮ್ಮ ಹೆಮ್ಮೆ ಗೊತ್ತಿರುವುದಿಲ್ಲವೇ? ವಾದ ಮಾಡುತ್ತಾನೆಯೇ ಹೊರತು ಪಂಚಾಂಗ ತೆರೆದು ನೋಡುವವನಲ್ಲ ಎಂಬುದು ಅವರಿಗೆ ತಿಳಿದಿತ್ತು. ನಿಮ್ಮ ಹೆಮ್ಮೆಯ ಹಿಂದೆ ಅವರು ಸ್ವಲ್ಪ ಹೊತ್ತು ಅಡಗಿಕೊಂಡರು.

ಯಾಕೆ ಎಂದು ತಿಳಿಯಲು ನಾನು ಇಡೀ ನೋಟವನ್ನು ಕೇಳಿ ಪಡೆದೆ. ತಕರಾರು ಹೂಡಿದವರಿಗೆ ಅಷ್ಟು ಹಕ್ಕು ಉಳಿದಿದೆ. ನೋಟದಂಗಡಿಯವರು ತೋರಿಸುವುದು ಕತ್ತರಿಸಿದ್ದು. ಇಡೀ ನೋಟದಲ್ಲಿ ಎರಡು ಸಂಗತಿಗಳಿವೆ. ಒಂದು, ನೀವು ಗಾಡಿ ತೆಗೆಯಲು ಕೆಳಗೆ ಹೋದ ಮೇಲೆ, ದೊಡ್ಡವ್ವನನ್ನು ಮಾತ್ರ ಡಾಕ್ಟರು ಮತ್ತೆ ಒಳಗೆ ಕರೆಯುತ್ತಾರೆ. ಲಿಫ್ಟಿನ ಬಳಿಯ ಕ್ಯಾಮೆರಾದಲ್ಲಿ ಅದು ಕಾಣುತ್ತದೆ. ಹೊರಗೆ ಬಂದಾಗ ಅವರು ಗೋಡೆ ಹಿಡಿದು ನಡೆಯುತ್ತಾರೆ. ಕೆಳಗೆ ನಿಮ್ಮ ಹತ್ತಿರ ಬಂದು, “ಏನಿಲ್ಲಂತ, ವಯಸ್ಸಾಗೇತಂತ ಅಷ್ಟ,” ಎನ್ನುತ್ತಾರೆ. ಇನ್ನೊಂದು, ನೀವು ಚಹಾಕ್ಕೆ ಹೋದಾಗ ಅಳುವ ಮೊದಲು ಅವರು ಒಂದು ಮಾತು ಆಡುತ್ತಾರೆ. ಅಂಗಡಿಯವರು ಅದನ್ನು ಕತ್ತರಿಸಿ ತೆಗೆದಿದ್ದಾರೆ, ಅದನ್ನು ಕೇಳಿದರೆ ಯಾರಿಗೂ ನಗು ಬರುವುದಿಲ್ಲವಾದ್ದರಿಂದ.

ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕುಳಿತು ನಿಲ್ಲಿಸಿದೆ. ಅದು ಅವರದು, ತಮಗೆ ತಾವೇ ಆಡಿಕೊಂಡದ್ದು. ಅದನ್ನು ಕದ್ದು ಕೇಳಿದ ಮಂದಿಯಲ್ಲಿ ನಾನೊಬ್ಬಳು, ಅದನ್ನೇ ಹೊತ್ತು ತಂದು ನಿಮಗೂ ಹೇಳಿದರೆ ಅಂಗಡಿಯವರಿಗೂ ನನಗೂ ಏನು ಅಂತರ? ಇಷ್ಟು ಮಾತ್ರ ಹೇಳಬಲ್ಲೆ: ಅದರಲ್ಲಿ ರಾಹುವಿನ ಹೆಸರಿಲ್ಲ, ನಿಮ್ಮ ಹೆಸರಿದೆ. ತಮ್ಮ ಸಲುವಾಗಿ ಅತ್ತವರಲ್ಲ ಅವರು. ನಿಮಗೆ ಹೇಗೆ ಹೇಳುವುದೆಂದು ತಿಳಿಯದೆ, ಮನೆ ಮುಟ್ಟುವ ಮೊದಲು ಮುಖ ಸರಿಮಾಡಿಕೊಳ್ಳಲು ಅವರಿಗೆ ಒಂದೀಟು ಹೊತ್ತು ಬೇಕಾಗಿತ್ತು. ಆ ಹೊತ್ತಿಗೆ ಕಂಪ‌ನಿ ದಂಡ ಹಾಕಿದೆ.

ನಾನು ಯಜಮಾನರ ಮುಂದೆ ಇದನ್ನೆಲ್ಲ ಇಟ್ಟು, ನನ್ನ ದಂಡ ನಾನು ಕಟ್ಟುತ್ತೇನೆ, ಆದರೆ ಈ ನೋಟವನ್ನು ಅಳಿಸಿಬಿಡಿ ಎಂದು ಕೇಳಿದೆ. ಅವರು ಕೆಟ್ಟವರಲ್ಲ, ನಡೆಯುತ್ತಲೇ ನನ್ನ ಕಾಗದಗಳನ್ನೆಲ್ಲ ತಿರುವಿ ನೋಡಿದರು. ಕಡೆಗೆ, “ಅವ್ವಾರ, ನಿಮ್ಮ ಅಜ್ಜಾರು ದಂಡಾ ಕಟ್ಟ್ಯಾರ್ರಿ. ಕಟ್ಟಿದವರು ಒಪ್ಪಿದಂಗ. ಅವರು ಆವಾಗ ಒಲ್ಲೆ ಅಂದಿದ್ರ ನಾವಿವತ್ತ ಅಳಸಾಕ ಬರ್ತಿತ್ತು,” ಎಂದರು. ನೀವು ಕಟ್ಟಿದ ರಸೀದಿಯ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು: ಹಣ ಕೊಟ್ಟವರು ತಪ್ಪನ್ನು ಒಪ್ಪಿದಂತೆ, ಅವರ ಗಾಡಿಯಲ್ಲಿ ಕಂಡದ್ದು ಕೇಳಿದ್ದು ಎಲ್ಲವೂ ಕಂಪನಿಗೂ ಅದರ ಮುಂದಿನ ವಾರಸುದಾರರಿಗೂ ಎಂದೆಂದಿಗೂ ಸೇರಿದಂತೆ. ಶಾಸನದವರು ಸೂರ್ಯಚಂದ್ರರಿರುವವರೆಗೆ ಎಂದು ಬರೆಸುತ್ತಿದ್ದದ್ದು ಕೊಡುವುದಕ್ಕೆ. ಇವರು ಅದನ್ನೇ ಕಸಿದುಕೊಳ್ಳುವುದಕ್ಕೆ ಬರೆಸಿದ್ದಾರೆ.

ನೀವು ಯಾಕೆ ಕಟ್ಟುತ್ತೀರೆಂಬುದೂ ನನಗೆ ಗೊತ್ತಿದೆ, ಅದನ್ನು ತಿಳಿದುಕೊಂಡ ಬಗೆಗೆ ನನ್ನನ್ನು ಕ್ಷಮಿಸಿ. ಕಂಪನಿಯ ಜಾಲತಾಣದಲ್ಲಿ ಆಕ್ಷೇಪಣೆ ಬರೆಯಲು ನೀವು ಕುಳಿತಿದ್ದೀರಿ. ತಡವಾದದ್ದಕ್ಕೆ ಕಾರಣ ಎಂಬ ಕಡೆ “ರಾಹು” ಎಂದು ಬರೆದು ಅಳಿಸಿದ್ದೀರಿ. “ಗಾಡಿ ಕೆಟ್ಟಿತ್ತು” ಎಂದು ಬರೆದು ಅದನ್ನೂ ಅಳಿಸಿದ್ದೀರಿ. ನೀವು ಅಳಿಸಿದ್ದೂ ಅವರಲ್ಲಿ ಉಳಿದಿದೆ. ನಿಜ ಬರೆದರೆ ನಾಳೆ ಕಾಲೇಜಿನಲ್ಲಿ ನಗುತ್ತಾರೆಂಬ ನಾಚಿಕೆ, ಸುಳ್ಳು ಬರೆಯಲು ಇನ್ನೊಂದು ನಾಚಿಕೆ. ಮರ್ಯಾದಸ್ಥರು ಇಂಥ ಇಕ್ಕಟ್ಟಿನಿಂದ ಹೊರಬರುವ ದಾರಿ ಎಂದರೆ ದುಡ್ಡು ಬಿಸಾಕುವುದು. ನಮ್ಮ ಕಾಲದ ಕಡಗಗಳನ್ನು ದುಷ್ಟರು ಮಾಡಿದರೆಂದು ಮೊದಲು ತಿಳಿದಿದ್ದೆ. ಹಳೆಯ ಕಡತಗಳನ್ನು ಓದುತ್ತ ಹೋದ ಹಾಗೆ ಬೇರೆಯೇ ಕಂಡಿತು. ರಗಳೆ ಯಾಕೆ ಎಂದು ಕಟ್ಟಿದವರು, ಮಂದಿ ಏನಂದಾರು ಎಂದು ಕಟ್ಟಿದವರು, ಬೋರ್ಡು ಓದಿರಲಿಲ್ಲ ಎಂದು ಹೇಳಲು ನಾಚಿ ಕಟ್ಟಿದವರು, ಹೀಗೆ ಒಳ್ಳೆಯ ಜನರೇ ಒಂದೊಂದು ಕೊಂಡಿ ಬೆಸೆದಿದ್ದಾರೆ. ನಿಮ್ಮೊಬ್ಬರನ್ನು ದೂರುತ್ತಿಲ್ಲ. ಆದರೆ ನನಗೆ ಬರೆಯಲು ಸಿಕ್ಕಿರುವುದು ನಿಮ್ಮೊಬ್ಬರಿಗೆ.

ಅಂದಹಾಗೆ, ಬೋರ್ಡಿನ ವಿಷಯ. ಇಡೀ ನೋಟದಲ್ಲಿ ಅದೂ ಕಾಣುತ್ತದೆ. ಎಷ್ಟು ಹೊತ್ತು ನಿಲ್ಲಬಹುದೆಂದು ಬರೆದ ಆ ಬೋರ್ಡಿನ ಮೇಲೆ ಯಾವನೋ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ. ಕೈಮುಗಿದ ಅವನ ಹೊಟ್ಟೆಯ ಹಿಂದೆ ನಿಯಮಗಳೆಲ್ಲ ಮುಚ್ಚಿಹೋಗಿವೆ. ಯಾರಿಗೂ ಓದಲು ಬಾರದ ನಿಯಮವನ್ನು ಮುರಿದರೆಂದು ದಂಡ ಹಾಕಲು ಇವರೇನು ಕೋರ್ಟೇ? ನಾಳೆ ಹೋಗಿ ನೋಡಿ, ಫ್ಲೆಕ್ಸ್ ಇನ್ನೂ ಅಲ್ಲೇ ಇರುತ್ತದೆ. ಒಂದು ಫೋಟೋ ತೆಗೆದುಕೊಳ್ಳಿ.

ಆಮೇಲೆ ಬರೆಯಿರಿ. ರಾಹುವನ್ನು ಎಳೆದು ತರಬೇಡಿ, ಸುಳ್ಳನ್ನೂ ಹೇಳಬೇಡಿ. ಬೋರ್ಡು ಕಾಣುತ್ತಿರಲಿಲ್ಲ ಎಂದು ಬರೆಯಿರಿ. ನನ್ನ ದೊಡ್ಡವ್ವನಿಗೆ ಸ್ವಲ್ಪ ಹೊತ್ತು ಕೂಡಬೇಕಾಗಿತ್ತು, ಯಾಕೆಂಬುದು ನಿಮಗೆ ಸಂಬಂಧಪಟ್ಟದ್ದಲ್ಲ ಎಂದು ಬರೆಯಿರಿ. ದಂಡ ಒಪ್ಪುವುದಿಲ್ಲ ಎಂದು ಬರೆಯಿರಿ. ಅಷ್ಟಕ್ಕೇ ನಿಲ್ಲಿಸಿದರೆ ದುಡ್ಡು ಉಳಿಯುತ್ತದೆ, ದೊಡ್ಡವ್ವನ ಮಾನ ಉಳಿಯುವುದಿಲ್ಲ. ಆದ್ದರಿಂದ ಮುಂದೆ ಇದನ್ನೂ ಸೇರಿಸಿ: ನಮ್ಮಿಬ್ಬರ ಮುಖ, ದನಿ, ಹೆಸರು, ಗಾಡಿಯ ನಂಬರು, ನಾನು ಬರೆದದ್ದು ಮತ್ತು ಬರೆದು ಅಳಿಸಿದ್ದು ಏನೇನು ನಿಮ್ಮಲ್ಲಿದೆಯೋ ಎಲ್ಲವನ್ನೂ ತೆಗೆದುಹಾಕಿ, ಯಾರ ಯಾರಿಗೆ ಕೊಟ್ಟಿದ್ದೀರೋ ಅವರಿಂದಲೂ ತೆಗೆಸಿ, ತೆಗೆದಿದ್ದೇವೆಂದು ಬರೆದು ಕಳಿಸಿ. ಹೀಗೆ ಕೇಳುವ ಹಕ್ಕು ನಿಮ್ಮ ಕಾಲದಲ್ಲಿ ಇತ್ತೆಂದು ಓದಿದ್ದೇನೆ. ಕೇಳಿದವರು ಬಹಳ ಕಡಿಮೆ ಎಂದೂ ಓದಿದ್ದೇನೆ. ಅವರು ಉತ್ತರ ಕೊಡದಿದ್ದರೆ ಮತ್ತೆ ಬರೆಯಿರಿ. ಅಣಕಿಸಿದರೆ ಮತ್ತೂ ಬರೆಯಿರಿ. ರಾಹುವಿನ ಮೇಲೆ ವಾದ ಮಾಡಲು ಇದ್ದ ಹುರುಪಿನಲ್ಲಿ ಕಾಲುಭಾಗ ಸಾಕು.

ಕೆಲಸವಾದರೂ ನನಗೆ ಯಾಕೆ ತಿಳಿಯುವುದಿಲ್ಲ ಎಂದು ಕಡೆಗೆ ಹೇಳುತ್ತೇನೆ ಎಂದಿದ್ದೆ. ನೀವು ತೆಗೆಸಿಬಿಟ್ಟರೆ ಆ ನೋಟ ನಮ್ಮ ಕಾಲಕ್ಕೆ ಬಂದೇ ಇರುವುದಿಲ್ಲ. ಅದರ ಮಾತು, ಅದರ ನಗು, ನನ್ನ ಈ ನೆನಪು, ಈ ಓಲೆ ಬರೆದೆನೆಂಬ ಅರಿವು ಎಲ್ಲವೂ ಹೋಗುತ್ತವೆ. ನಮ್ಮ ಮನೆತನದಲ್ಲಿ ಹಿಂದಿನವರ ಒಂದು ಚಿತ್ರವೂ ಉಳಿದಿಲ್ಲ, ಅಜ್ಜಾರೆ. ನಿಮ್ಮ ಮುಖವನ್ನು ನಾನು ಕಂಡದ್ದು ಆ ನೆಲಮಾಳಿಗೆಯಲ್ಲಿ ಮಾತ್ರ. ದೊಡ್ಡವ್ವನ ಮುಖ, “ಅವಂಗ ಸಕ್ರಿ ಕಮ್ಮಿ ಹಾಕಸು” ಎನ್ನುವಾಗ ಅವರ ಎಡಗೆನ್ನೆಯಲ್ಲಿ ಬೀಳುವ ಗುಳಿ, ನನಗೆ ಬೇರೆ ಎಲ್ಲೂ ಸಿಗುವುದಿಲ್ಲ. ಆ ಗುಳಿ ನನ್ನ ತಮ್ಮನ ಮಗಳಿಗೆ ಇದೆ. ನಾಳೆ ಅವಳು ನಕ್ಕಾಗ ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿರುವುದಿಲ್ಲ. ಇರಲಿ. ಊರೆಲ್ಲ ನೋಡುವುದರ ಜೊತೆಗೆ ನಾನೂ ನೋಡುವುದಕ್ಕಿಂತ, ಯಾರೂ ನೋಡದಿರುವುದು ಲೇಸು. ಅವರ ಮುಖ ಅವರನ್ನು ಬಲ್ಲವರಲ್ಲಿ ಉಳಿದು, ಅವರೊಂದಿಗೆ ಹೋಗಲಿ.

ಶಾಸನ ಬರೆಸಿದವರು ಕೊನೆಗೆ ಶಾಪ ಹಾಕುತ್ತಿದ್ದರು. ನನಗೆ ಆ ಯೋಗ್ಯತೆಯಿಲ್ಲ. ಕವಿಲೆಯನ್ನು ಕೊಂದ ಪಾಪ ಯಾರಿಗಾದರೂ ತಟ್ಟುವುದಾದರೆ ಮೊದಲು ನಮ್ಮ ಕಾಲಕ್ಕೆ ತಟ್ಟಬೇಕು. ಹಾಗಾಗಿ ಕೇಳಿಕೊಳ್ಳುತ್ತೇನೆ ಅಷ್ಟೇ. ಅರ್ಜಿ ಕಳಿಸಿದ ಮೇಲೆ ಗಾಡಿಯ ಕೀಲಿಕೈ ತೆಗೆದಿಡಿ. ಒಳಗೆ ಹೋಗಿ ದೊಡ್ಡವ್ವನ ಹತ್ತಿರ ಕೂಡಿ. ಡಾಕ್ಟರು ಏನಂದರು ಎಂದು ಕೇಳಬೇಡಿ, ಅವರು ಹೇಳುವವರೆಗೆ ತಡೆಯಿರಿ. ಅವರು ಮತ್ತೆ ರಾಹುಕಾಲ ಎಂದರೆ, ಇವತ್ತು ಯಾವ ವಾರ ಎಂದು ಲೆಕ್ಕ ಹಾಕಬೇಡಿ. “ಹೌದು ದೊಡ್ಡವ್ವಾ, ಐತಿ” ಎನ್ನಿ. ಅವರಾಗಿಯೇ “ನಡೀಪಾ” ಅನ್ನುವವರೆಗೆ ಏಳಬೇಡಿ.

ನಿಮ್ಮನ್ನು ಇನ್ನು ನೆನೆಯಲಾಗದ,
ಮುಕ್ತಾಯಿ ಹೆಬಸೂರ